ಗಾಯಗೊಂಡ ಹುಂಜಕ್ಕೆ ಮನೆಯಲ್ಲಿ ಆರೈಕೆ: ಶ್ರಾವಕರು ತಿಳಿದಿರಬೇಕಾದ ವಿಷಯಗಳು

ಹಿಟ್ಟಿನ ಹುಂಜದ ಕಥೆ ಕೇಳದೆ ಬೆಳೆದವರು ಕರ್ನಾಟಕದ ಜೈನ ಮನೆಗಳಲ್ಲಿ ಕಡಿಮೆ. ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಯಶೋಧರ ರಾಜನು ತಾಯಿ ಚಂದ್ರಮತಿಯ ಮಾತು ಮೀರಲಾರದೆ, ನಿಜವಾದ ಪ್ರಾಣಿಯ ಬದಲು ಹಿಟ್ಟಿನಿಂದ ಮಾಡಿದ ಹುಂಜವನ್ನು ಬಲಿ ಕೊಡುತ್ತಾನೆ. ಜೀವವಿಲ್ಲದ ಹುಂಜ, ಆದರೆ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪದ ಫಲವಾಗಿ ತಾಯಿ-ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ಅಲೆಯುತ್ತಾರೆ. ಕೊನೆಗೆ ಕೋಳಿಗಳಾಗಿ ಹುಟ್ಟಿ, ಮುನಿಗಳ ಉಪದೇಶ ಕೇಳಿ, ಆ ಬಳಿಕ ಅಭಯರುಚಿ, ಅಭಯಮತಿ ಎಂಬ ಅಣ್ಣ ತಂಗಿಯರಾಗಿ ಜನಿಸುತ್ತಾರೆ.

ಈ ಕಥೆ ಕೇಳಿ ಬೆಳೆದ ಮನೆಯ ಗೇಟಿನ ಮುಂದೆ ಒಂದು ಬೆಳಿಗ್ಗೆ ನಿಜವಾದ ಹುಂಜವೇ ರಕ್ತ ಸುರಿಸುತ್ತ ಬಿದ್ದಿದ್ದರೆ ಏನು ಮಾಡಬೇಕು? ದಕ್ಷಿಣ ಬೆಂಗಳೂರಿನಲ್ಲಿ ಇದು ಅಪರೂಪದ ಮಾತಲ್ಲ. ಜಯನಗರದ ಪಕ್ಕದ ಯಡಿಯೂರು, ಜೆ.ಪಿ. ನಗರದ ಸಾರಕ್ಕಿ ಮತ್ತು ಪುಟ್ಟೇನಹಳ್ಳಿ, ಬನಶಂಕರಿ ಕಡೆಯ ಕದಿರೇನಹಳ್ಳಿ, ಬಿ.ಟಿ.ಎಂ. ಬಡಾವಣೆ ಹತ್ತಿರದ ತಾವರೆಕೆರೆ ಇವೆಲ್ಲ ಮೊದಲು ಹಳ್ಳಿಗಳೇ. ಸುತ್ತ ಬಡಾವಣೆ ಬೆಳೆದರೂ ಹಳೆಯ ಓಣಿಗಳಲ್ಲಿ ನಾಟಿ ಕೋಳಿ ಸಾಕುವವರು ಇದ್ದಾರೆ. ಬೀದಿನಾಯಿ ಹಿಡಿದು ಬಿಟ್ಟ ಹುಂಜ, ಸ್ಕೂಟರಿಗೆ ಸಿಕ್ಕ ಹುಂಜ, ಕೋಳಿ ಸಾಗಿಸುವ ಗಾಡಿಯಿಂದ ಉರುಳಿದ ಫಾರಂ ಕೋಳಿ, ಹೀಗೆ ಯಾವುದಾದರೂ ಕಣ್ಣಿಗೆ ಬೀಳಬಹುದು.

ದಯೆ ತೋರಿ ಎತ್ತಿಕೊಂಡು ಬರುವವರು ಅನೇಕರು. ಮುಂದಿನ ಕ್ರಮ ತಿಳಿಯದೆ ಅದೇ ದಯೆಯಿಂದ ಬಾಯಿಗೆ ನೀರು ಸುರಿದು, ಗಾಯಕ್ಕೆ ಕೈಗೆ ಸಿಕ್ಕಿದ್ದನ್ನು ಮೆತ್ತಿ ಹಕ್ಕಿಯನ್ನು ಕಳೆದುಕೊಳ್ಳುವುದೂ ಉಂಟು. ಶ್ರಾವಕರಿಗೆ ಹೇಳಿರುವ ಅಭಯ, ಔಷಧ, ಆಹಾರ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮೂರು ಈ ಒಂದು ಹಕ್ಕಿಗೇ ಬೇಕಾಗುತ್ತವೆ. ನಾಲ್ಕನೆಯದಾದ ತಿಳಿವಳಿಕೆ ಆರೈಕೆ ಮಾಡುವವರಿಗೆ ಬೇಕು.

ಮೊದಲು ಅಭಯ

ಪೆಟ್ಟು ತಿಂದ ಹಕ್ಕಿಗೆ ಗಾಯಕ್ಕಿಂತ ಮೊದಲು ಅಪಾಯ ತರುವುದು ಆಘಾತ, ಚಳಿ ಮತ್ತು ಭಯ. ಮನುಷ್ಯನ ಕೈಯೂ ಅದಕ್ಕೆ ನಾಯಿಯ ಬಾಯಿಯಂತೆಯೇ ಕಾಣುತ್ತದೆ. ಆದ್ದರಿಂದ ಮೊದಲ ಒಂದು ಗಂಟೆಯಲ್ಲಿ ಮಾಡುವ ಕೆಲಸ ಕಡಿಮೆ ಇರಬೇಕು, ಮೆಲ್ಲಗೆ ಆಗಬೇಕು.

ಹಳೆಯ ಹತ್ತಿ ಬಟ್ಟೆಯೊಂದನ್ನು ಮೇಲಿನಿಂದ ಹೊದಿಸಿ, ರೆಕ್ಕೆಗಳು ಮೈಗೆ ಸೇರುವಂತೆ ಎರಡೂ ಕೈಯಿಂದ ಎತ್ತಬೇಕು. ಕಾಲು ಹಿಡಿದು ತಲೆಕೆಳಗೆ ನೇತುಹಾಕಬಾರದು. ಎದೆಯನ್ನು ಒತ್ತಲೂ ಬಾರದು. ಹಕ್ಕಿಗಳಿಗೆ ನಮ್ಮಂತೆ ವಪೆಯ ಸ್ನಾಯು ಇಲ್ಲ, ಎದೆಯ ಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಪ್ರೀತಿಯಿಂದ ಗಟ್ಟಿಯಾಗಿ ಅಪ್ಪಿಕೊಂಡರೂ ಉಸಿರು ಕಟ್ಟುತ್ತದೆ.

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುನಡುವೆ ತೆಗೆದು ನೋಡಿದರೆ ಹೆಪ್ಪು ಕಿತ್ತು ಬರುತ್ತದೆ. ಜುಟ್ಟು ಅಥವಾ ಉಗುರು ಹರಿದು ಸಣ್ಣದಾಗಿ ರಕ್ತ ಬರುತ್ತಿದ್ದರೆ ಜೋಳದ ಹಿಟ್ಟು (ಕಾರ್ನ್‌ಫ್ಲೋರ್) ಅಥವಾ ಮೈದಾ ಒತ್ತಿದರೆ ನಿಲ್ಲುತ್ತದೆ. ಆಳದ ಗಾಯದೊಳಗೆ ಹಿಟ್ಟು ತುಂಬಬಾರದು.

ಬಳಿಕ ದಿನಸಿ ಅಂಗಡಿಯ ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು. ಬದಿಗಳಲ್ಲಿ ಗಾಳಿಗೆ ತೂತು ಮಾಡಿ, ಒಳಗೆ ಮಡಿಸಿದ ಹತ್ತಿ ಬಟ್ಟೆ ಹಾಸಬೇಕು. ಬರಿಯ ಪೇಪರ್ ಹಾಸಿದರೆ ಕಾಲು ಜಾರಿ ಪೆಟ್ಟು ಹೆಚ್ಚುತ್ತದೆ, ನೂಲು ಬಿಟ್ಟ ಟವೆಲ್ ಹಾಸಿದರೆ ಬೆರಳಿಗೆ ಸುತ್ತಿಕೊಳ್ಳುತ್ತದೆ. ಕೋಳಿಯ ಸಹಜ ಮೈಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್. ಮನುಷ್ಯನಿಗೆ ಜ್ವರವೆನಿಸುವ ಬಿಸಿ ಅದಕ್ಕೆ ಆರೋಗ್ಯ. ಹಾಗಾಗಿ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಪಕ್ಕದಲ್ಲಿ ಮಾತ್ರ ಇಡಬೇಕು. ಸೆಖೆಯಾದರೆ ಹಕ್ಕಿ ಇನ್ನೊಂದು ಪಕ್ಕಕ್ಕೆ ಸರಿಯಲು ಜಾಗವಿರಬೇಕು. ಕೊಕ್ಕು ತೆರೆದು ಏದುಸಿರು ಬಿಡುತ್ತ ರೆಕ್ಕೆ ಅಗಲಿಸಿದರೆ ಬಿಸಿ ಹೆಚ್ಚಾಯಿತು ಎಂದರ್ಥ.

ಮೇಲೆ ತೆಳುಬಟ್ಟೆ ಮುಚ್ಚಿ, ಟಿವಿ ಮತ್ತು ಮಕ್ಕಳ ಗದ್ದಲವಿಲ್ಲದ ಮೂಲೆಯಲ್ಲಿಡಬೇಕು. ನೋಡಲು ನೆರೆಹೊರೆಯವರನ್ನು ಕರೆಯುವುದು, ಫೋಟೊ ತೆಗೆಯುವುದು ಆ ದಿನ ಬೇಡ. ಕತ್ತಲು, ಬಿಸುಪು, ಮೌನ ಈ ಮೂರೇ ಆ ಹೊತ್ತಿನ ಅಭಯದಾನ.

ಒಂದು ಎಚ್ಚರಿಕೆ. ಮೈಮೇಲೆ ಗಾಯವೇ ಇಲ್ಲದೆ ಹಕ್ಕಿ ತೂಕಡಿಸುತ್ತಿದ್ದರೆ, ಜುಟ್ಟು ನೀಲಿಗಟ್ಟಿ ಮುಖ ಊದಿದ್ದರೆ, ಅಥವಾ ಆ ಓಣಿಯಲ್ಲಿ ಹಲವು ಕೋಳಿಗಳು ಒಟ್ಟಿಗೆ ಸತ್ತಿದ್ದರೆ ಮನೆಯೊಳಗೆ ತರದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಅದು ಹಕ್ಕಿಜ್ವರವಿರಬಹುದು. ಗಾಯದ ಹಕ್ಕಿಯನ್ನು ಮುಟ್ಟುವಾಗಲೂ ಕೈಗವಸು ಹಾಕಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಅಡುಗೆಮನೆ ಮತ್ತು ದೇವರಕೋಣೆಯಿಂದ ದೂರ, ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಜಾಗ ಮಾಡಬೇಕು. ಹುಂಜದ ಕಾಲುಮುಳ್ಳು ಚುಚ್ಚಿದರೆ ಗಾಯ ತೊಳೆದು ವೈದ್ಯರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳುವುದು ಒಳ್ಳೆಯದು.

ವೈದ್ಯರಲ್ಲಿಗೆ ಯಾವಾಗ?

ನಾಯಿ ಅಥವಾ ಬೆಕ್ಕು ಕಚ್ಚಿದ್ದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಅದೇ ದಿನ ವೈದ್ಯರಲ್ಲಿಗೆ ಹೋಗಲೇಬೇಕು. ಹಲ್ಲಿನ ತೂತು ಪುಕ್ಕದ ಅಡಿಯಲ್ಲಿ ಮರೆಯಾಗಿರುತ್ತದೆ. ಪ್ರಾಣಿಗಳ ಬಾಯಿಯ ಸೂಕ್ಷ್ಮಜೀವಿಗಳು ರಕ್ತಕ್ಕೆ ಸೇರಿದರೆ ಒಂದೆರಡು ದಿನಗಳಲ್ಲಿ ಹಕ್ಕಿ ಸಾಯಬಹುದು. ಚರ್ಮದ ಅಡಿ ಗಾಳಿ ತುಂಬಿ ಬಲೂನಿನಂತೆ ಉಬ್ಬಿದ್ದರೆ ಒಳಗಿನ ಗಾಳಿಚೀಲ ಹರಿದಿದೆ ಎಂದು ತಿಳಿಯಬೇಕು. ಕಾಲು ಅಥವಾ ರೆಕ್ಕೆ ಜೋತು ಬಿದ್ದಿದ್ದರೆ, ಮೂಳೆ ಹೊರಗೆ ಕಂಡರೆ, ಕತ್ತು ತಿರುಚಿದ್ದರೆ ತಡಮಾಡಬಾರದು.

ಬೆಂಗಳೂರಿನಲ್ಲಿ ನಾಯಿ, ಬೆಕ್ಕುಗಳ ಕ್ಲಿನಿಕ್ ಬೀದಿಗೊಂದು ಇದ್ದರೂ ಎಲ್ಲರೂ ಹಕ್ಕಿಗಳನ್ನು ನೋಡುವುದಿಲ್ಲ. ಮೊದಲೇ ಫೋನ್ ಮಾಡಿ, 'ಕೋಳಿಯನ್ನು ನೋಡುತ್ತೀರಾ' ಎಂದು ಸ್ಪಷ್ಟವಾಗಿ ಕೇಳಿ ಹೊರಡಬೇಕು. ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆಯಿದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಜೆ.ಪಿ. ನಗರದಿಂದ ಹೆಬ್ಬಾಳವೆಂದರೆ ಇಡೀ ಊರು ದಾಟಿ ಹೋಗುವ ದಾರಿ, ಆದ್ದರಿಂದ ಟ್ರಾಫಿಕ್ ಏರುವ ಮೊದಲೇ ಹೊರಟರೆ ಹಕ್ಕಿಗೂ ಹಿತ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆ ಮುಖ್ಯವಾಗಿ ಹದ್ದು, ಗೂಬೆಯಂಥ ವನ್ಯಜೀವಿಗಳಿಗೆ ಆಸರೆ. ಹುಂಜ ಸಾಕುಪ್ರಾಣಿಯಾದ್ದರಿಂದ ಅದಕ್ಕೆ ಪಶು ಆಸ್ಪತ್ರೆಯೇ ದಾರಿ.

ಗಾಯದ ಶುಚಿ ಮತ್ತು ನೊಣದ ಪ್ರಶ್ನೆ

ಗಾಯ ತೊಳೆಯಲು ಸೋಸಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಸಾಕು. ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ ಮೆಲ್ಲಗೆ ಹರಿಸಿದರೆ ಮಣ್ಣು, ಪುಕ್ಕದ ಚೂರು ತಾನಾಗಿ ಹೊರಬರುತ್ತವೆ. ಪೊವಿಡೋನ್ ಅಯೋಡಿನ್ ದ್ರಾವಣ ಬಳಸುವುದಾದರೆ ಹಾಲಿಲ್ಲದ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಬೇಕು. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನು ದಿನವೂ ಹಾಕಿದರೆ ಹೊಸದಾಗಿ ಕೂಡುವ ಚರ್ಮವೂ ಸುಡುತ್ತದೆ. ಅರಿಶಿನ ಮೇಲಿನ ತರಚಿಗೆ ಸರಿ, ಆಳದ ಗಾಯದಲ್ಲಿ ಗಟ್ಟಿಕಟ್ಟಿ ಕೀವು ಹೊರಹೋಗದಂತೆ ತಡೆಯುತ್ತದೆ. ಸೀಮೆಎಣ್ಣೆ, ಹೊಗೆಸೊಪ್ಪು ಬೇಡವೇ ಬೇಡ. ಗಾಯಕ್ಕೆ ಜೇನು ಹಚ್ಚಿ ಎಂದು ಹಲವರು ಹೇಳುತ್ತಾರೆ. ಮಧು ತ್ಯಾಗವಿರುವ ಮನೆಯವರು ಇದರಿಂದ ಚಿಂತೆಗೊಳಗಾಗಬೇಕಿಲ್ಲ, ಉಪ್ಪುನೀರಿನ ಶುಚಿ ಮತ್ತು ವೈದ್ಯರು ಕೊಟ್ಟ ಮುಲಾಮು ಇದ್ದರೆ ಜೇನಿಲ್ಲದೆಯೂ ಗಾಯ ಮಾಯುತ್ತದೆ.

ಜೈನ ಮನೆಗಳಲ್ಲಿ ನಿಜವಾದ ಇಕ್ಕಟ್ಟು ಹುಳುವಿನದು. ತೆರೆದ ಗಾಯದ ಮೇಲೆ ನೊಣ ಕೂತು ಮೊಟ್ಟೆಯಿಟ್ಟರೆ ಬೆಂಗಳೂರಿನ ಹವೆಯಲ್ಲಿ ಒಂದು ದಿನದೊಳಗೆ ಹುಳು ಕಾಣಬಹುದು. ಹುಳು ತೆಗೆಯದಿದ್ದರೆ ಹುಂಜ ಜೀವಂತವಾಗಿಯೇ ಹುಣ್ಣಾಗಿ ಸಾಯುತ್ತದೆ. ತೆಗೆದರೆ ಆ ಜೀವಿಗಳ ಗತಿಯೇನು?

ಇದಕ್ಕೆ ಶ್ರಾವಕಾಚಾರ ಹೇಳುವ ಯತ್ನಾಚಾರವೇ ಮೊದಲ ಉತ್ತರ. ನೊಣ ಕೂರದಂತೆ ನೋಡಿಕೊಂಡರೆ ಪ್ರಶ್ನೆಯೇ ಹುಟ್ಟುವುದಿಲ್ಲ. ಮೊದಲ ಗಂಟೆಯಿಂದಲೇ ಪೆಟ್ಟಿಗೆಯ ಮೇಲೆ ಸೊಳ್ಳೆಪರದೆಯ ತುಂಡು ಕಟ್ಟಬೇಕು. ಹಿಕ್ಕೆಯಾದ ಬಟ್ಟೆಯನ್ನು ದಿನಕ್ಕೆ ಎರಡು ಮೂರು ಸಲ ಬದಲಿಸಬೇಕು. ಬಾಲದ ಅಡಿ ಪುಕ್ಕಕ್ಕೆ ಅಂಟಿದ ಹಿಕ್ಕೆಯನ್ನು ಉಗುರುಬೆಚ್ಚಗಿನ ನೀರಿನಿಂದ ಒರೆಸಬೇಕು. ಬೆಳಿಗ್ಗೆ ಮತ್ತು ಸೂರ್ಯಾಸ್ತಕ್ಕೆ ಮೊದಲು ಗಾಯವನ್ನು ಬೆಳಕಿನಲ್ಲಿ ಪುಕ್ಕ ಸರಿಸಿ ನೋಡಬೇಕು. ಹುಳುವಿನ ಹಿಂಸೆಯನ್ನೂ ಹುಂಜದ ಹಿಂಸೆಯನ್ನೂ ಒಟ್ಟಿಗೆ ತಪ್ಪಿಸುವುದು ಈ ದಿನನಿತ್ಯದ ಎಚ್ಚರವೇ. ಅಲಕ್ಷ್ಯ ಮಾಡಿ ಆಮೇಲೆ ಪಶ್ಚಾತ್ತಾಪ ಪಟ್ಟರೆ ಎರಡೂ ಕಡೆ ನಷ್ಟ.

ಬೀದಿಯಲ್ಲಿ ಬಹಳ ಹೊತ್ತು ಬಿದ್ದಿದ್ದ ಹಕ್ಕಿಯಲ್ಲಿ ಹುಳು ಆಗಲೇ ಇದ್ದರೆ ವೈದ್ಯರ ಕೈಗೆ ಒಪ್ಪಿಸುವುದು ಸರಿ. ಉಪ್ಪುನೀರು ಹರಿಸಿ, ಚಿಮಟದಿಂದ ಒಂದೊಂದಾಗಿ ತೆಗೆಯುವುದು ಸಾಧ್ಯ. ಸಂಕಲ್ಪಿ ಹಿಂಸೆಗೂ, ಗೃಹಸ್ಥನು ಮಾಡಲೇಬೇಕಾದ ಕೆಲಸದಲ್ಲಿ ಆಗಿಹೋಗುವ ಆರಂಭಿ ಹಿಂಸೆಗೂ ಶಾಸ್ತ್ರ ಭೇದ ಮಾಡಿದೆ. ಮನಸ್ಸಿಗೆ ಸಂದೇಹ ಉಳಿದರೆ ಮುನಿಗಳನ್ನೋ ತಿಳಿದ ಹಿರಿಯರನ್ನೋ ಕೇಳಬಹುದು. ಆದರೆ ಕೇಳುವ ಹೊತ್ತಿನಲ್ಲಿ ಚಿಕಿತ್ಸೆ ನಿಲ್ಲಬಾರದು.

ಮನೆಯ ಡಬ್ಬಿಯ ಮಾತ್ರೆ ಬೇಡ

ಮನುಷ್ಯರಿಗೆಂದು ಮನೆಯಲ್ಲಿಟ್ಟ ನೋವಿನ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡಬಾರದು. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಔಷಧ ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ, ಆ ಸಂತತಿಯನ್ನೇ ಅಳಿವಿನ ಅಂಚಿಗೆ ತಂದಿತು. ಭಾರತದಲ್ಲಿ 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ಕೋಳಿಗೂ ಅದು ಸುರಕ್ಷಿತವಲ್ಲ. ಮರಗಟ್ಟಿಸುವ ಮುಲಾಮುಗಳೂ ಹಕ್ಕಿಯ ಪುಟ್ಟ ಮೈಗೆ ಹೆಚ್ಚಾಗಿ ವಿಷವಾಗಬಹುದು. ಹಕ್ಕಿಗಳಿಗೆ ಸಲ್ಲುವ ನೋವಿನ ಔಷಧಗಳಿವೆ. ತೂಕ ನೋಡಿ ಎಷ್ಟು ಹನಿ ಎಂದು ಹೇಳಬೇಕಾದವರು ವೈದ್ಯರು. ಆಂಟಿಬಯೋಟಿಕ್ ಕೊಟ್ಟಿದ್ದರೆ ಹುಂಜ ಚುರುಕಾಯಿತೆಂದು ನಡುವೆ ನಿಲ್ಲಿಸದೆ ಹೇಳಿದಷ್ಟು ದಿನವೂ ಕೊಡಬೇಕು.

ಆಹಾರ: ಅವಸರ ಬೇಡ

ಆಘಾತದಲ್ಲಿರುವ ಹಕ್ಕಿಯ ಬಾಯಿಗೆ ನೀರು ಸುರಿಯುವುದು ದೊಡ್ಡ ತಪ್ಪು. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇದೆ, ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ತಲೆ ಎತ್ತಿ ಕೂರುವಷ್ಟು ಚೇತರಿಸಿದ ಮೇಲೆ ಕೊಕ್ಕಿನ ತುದಿಗೆ ಒಂದು ಹನಿ ಮುಟ್ಟಿಸಿದರೆ ಅದೇ ನುಂಗುತ್ತದೆ. ನೀರಿಗೆ ಚಿಟಿಕೆ ಸಕ್ಕರೆ ಬೆರೆಸಬಹುದು. ಮುಂದೆ ಅಗಲವಾದ, ಉರುಳದ ಬಟ್ಟಲಿನಲ್ಲಿ ಸೋಸಿದ ನೀರು ಇಟ್ಟರೆ ಸಾಕು.

ಬೇಯಿಸಿದ ಮೊಟ್ಟೆ ಕೊಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದಿಲ್ಲದೆಯೂ ಹುಂಜ ಚೇತರಿಸಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಮೆತ್ತಗೆ ಬೆಂದ ಅನ್ನ, ಗಟ್ಟಿ ರಾಗಿ ಅಂಬಲಿ, ಚೆನ್ನಾಗಿ ಬೇಯಿಸಿ ಹಿಸುಕಿದ ಹೆಸರುಬೇಳೆ, ಸ್ವಲ್ಪ ಮೊಸರು ಕೊಡಬಹುದು. ಆಮೇಲೆ ಒಡೆದ ಮೆಕ್ಕೆಜೋಳ, ಸಜ್ಜೆ, ಹುರಿಗಡಲೆ ಪುಡಿ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಅಥವಾ ಮೆಂತ್ಯ ಸೊಪ್ಪು. ಉಪ್ಪು, ಖಾರ, ಒಗ್ಗರಣೆ ಇರಬಾರದು. ಬೇಯದ ರಾಜ್ಮಾ, ಬೂಸ್ಟು ಹಿಡಿದ ಕಡಲೆಕಾಯಿ ವಿಷ. ಅಂಗಡಿಯ ಕೋಳಿ ಫೀಡ್ ತರುವವರು ಚೀಲದ ಮೇಲಿನ ವಿವರ ಓದಬೇಕು, ಕೆಲವದರಲ್ಲಿ ಒಣಮೀನಿನ ಪುಡಿ ಇರುತ್ತದೆ. ಮೆಕ್ಕೆಜೋಳ ಮತ್ತು ಸೋಯಾದಿಂದ ಮಾಡಿದ್ದೂ ಸಿಗುತ್ತದೆ. ಮೊಟ್ಟೆಯಿಡುವ ಕೋಳಿಗಳ ಲೇಯರ್ ಫೀಡ್‌ನಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಹುಂಜಕ್ಕೆ ಗ್ರೋವರ್ ಫೀಡ್ ಸೂಕ್ತ. ಗಟ್ಟಿ ಕಾಳು ತಿನ್ನತೊಡಗಿದ ಮೇಲೆ ಒಂದು ಚಿಟಿಕೆ ದಪ್ಪ ಮರಳು ಬೇಕು. ಕೋಳಿಗೆ ಹಲ್ಲಿಲ್ಲ, ಹೊಟ್ಟೆಯ ಕಲ್ಲೇ ಅದರ ಬೀಸುಕಲ್ಲು.

ಆರೋಗ್ಯವಂತ ಹುಂಜ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ತಿನ್ನುತ್ತದೆ, ಅದರ ಎರಡರಷ್ಟು ನೀರು ಕುಡಿಯುತ್ತದೆ. ಕತ್ತಲಾದ ಮೇಲೆ ಕೋಳಿ ತಿನ್ನುವುದಿಲ್ಲ. ರಾತ್ರಿಭೋಜನ ತ್ಯಾಗದ ಮನೆಗೆ ಇದು ಕಷ್ಟದ ವೇಳಾಪಟ್ಟಿಯಲ್ಲ. ಸಂಜೆ ಕೊರಳ ಬುಡದ ಕಾಳಿನ ಚೀಲ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಊದಿಕೊಂಡಿದ್ದರೆ ಜೀರ್ಣವಾಗುತ್ತಿಲ್ಲ. ಹಿಕ್ಕೆ ಹಸಿರು ನೀರಾಗಿದ್ದರೆ ಹೊಟ್ಟೆಗೆ ಏನೂ ಸಾಲುತ್ತಿಲ್ಲ. ದಿನವೂ ಅದೇ ಹೊತ್ತಿಗೆ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಒಳ್ಳೆಯ ಲೆಕ್ಕ. ಎರಡು ಕಿಲೋ ತೂಗುತ್ತಿದ್ದ ಹುಂಜ 200 ಗ್ರಾಂ ಇಳಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ. ಆಗ ವೈದ್ಯರಿಗೆ ತಿಳಿಸಬೇಕು.

ಕಟ್ಟಿಡುವುದು ಬಂಧವೇ?

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನ ನಿರೋಧ. ಹಾಗಾದರೆ ಹುಂಜವನ್ನು ವಾರಗಟ್ಟಲೆ ಪೆಟ್ಟಿಗೆಯಲ್ಲಿಡುವುದು ಬಂಧವಲ್ಲವೇ ಎಂದು ಮಕ್ಕಳು ಕೇಳಬಹುದು. ಹಕ್ಕಿಯ ಮುರಿದ ಮೂಳೆ ಸುಮಾರು ಮೂರು ವಾರಗಳಲ್ಲಿ ಕೂಡುತ್ತದೆ. ಅಷ್ಟು ದಿನ ಓಡಾಡದಂತೆ ತಡೆಯದಿದ್ದರೆ ಕೂಡುವುದೇ ಇಲ್ಲ. ಇದು ಅದರ ಹಿತಕ್ಕಾಗಿ ಇಟ್ಟ ಅವಧಿ, ಕ್ರೋಧದಿಂದಲೋ ಲಾಭಕ್ಕಾಗಿಯೋ ಕಟ್ಟಿದ್ದಲ್ಲ. ಅವಧಿ ಮುಗಿದ ಮೇಲೂ ನಮ್ಮ ಅನುಕೂಲಕ್ಕೆಂದು ಅದೇ ಪೆಟ್ಟಿಗೆಯಲ್ಲಿ ಬಿಟ್ಟರೆ ಅದು ಬಂಧವಾಗುತ್ತದೆ.

ಈ ದಿನಗಳಲ್ಲಿ ಬೇರೆ ಕೋಳಿಗಳ ಜೊತೆ ಬಿಡಬಾರದು, ಕೆಂಪು ಕಂಡಲ್ಲಿ ಅವು ಕುಕ್ಕುತ್ತವೆ. ನಿಲ್ಲಲಾಗದ ಹುಂಜದ ಮಗ್ಗುಲನ್ನು ಕೆಲವು ಗಂಟೆಗೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಎದೆಮೂಳೆಯ ಮೇಲೆ ಹುಣ್ಣಾಗುತ್ತದೆ. ರೆಕ್ಕೆಗೆ ಕಟ್ಟಿದ ಪಟ್ಟಿ ಎದೆಯನ್ನು ಬಿಗಿಯುತ್ತಿಲ್ಲವೇ ಎಂದು ದಿನವೂ ಬೆರಳು ತೂರಿಸಿ ನೋಡಬೇಕು. ಗಾಯ ಒಣಗಿದ ಮೇಲೆ ಬೆಳಗಿನ ಎಳೆಬಿಸಿಲಿನಲ್ಲಿ ತಾರಸಿಯಲ್ಲೋ ಅಂಗಳದಲ್ಲೋ ಕಣ್ಣೆದುರೇ ಸ್ವಲ್ಪ ಹೊತ್ತು ಬಿಡಬಹುದು. ಆಗ ಮಣ್ಣು ಕೆದಕಿ ಹುಳು ಹೆಕ್ಕಿದರೆ ಅದು ಅದರ ಸ್ವಭಾವ, ಮನೆಯವರು ಕೈಯಾರೆ ಹುಳು ತಂದು ಹಾಕಬೇಕಿಲ್ಲ.

ಉಳಿಯದಿದ್ದರೆ

ಎಲ್ಲ ಮಾಡಿದರೂ ಕೆಲವು ಹಕ್ಕಿಗಳು ಉಳಿಯುವುದಿಲ್ಲ. ಬೆನ್ನುಮೂಳೆ ಮುರಿದ ಹಕ್ಕಿಗೆ ದಯಾಮರಣ ಕೊಡೋಣ ಎಂದು ವೈದ್ಯರು ಹೇಳಬಹುದು. ಹೆಚ್ಚಿನ ಜೈನ ಕುಟುಂಬಗಳು ಇದಕ್ಕೆ ಒಪ್ಪುವುದಿಲ್ಲ. ಒಪ್ಪದವರ ಮೇಲೆ ಒಂದು ಹೊಣೆ ಬೀಳುತ್ತದೆ: ನೋವು ಕಡಿಮೆಯಾಗುವ ಔಷಧವನ್ನು ಕೊನೆಯವರೆಗೂ ತಪ್ಪಿಸದೆ ಕೊಡುವುದು. ಔಷಧವಿಲ್ಲದೆ ನರಳಲು ಬಿಟ್ಟು ಕೊಲ್ಲಲಿಲ್ಲವೆಂದು ಸಮಾಧಾನ ಪಡುವಂತಿಲ್ಲ. ಸಲ್ಲೇಖನದ ಹೆಸರಿನಲ್ಲಿ ಆಹಾರ ನಿಲ್ಲಿಸುವುದೂ ತಪ್ಪು. ಸಲ್ಲೇಖನ ತಾನಾಗಿ ಸ್ವೀಕರಿಸುವ ವ್ರತ, ಇನ್ನೊಂದು ಜೀವದ ಮೇಲೆ ಹೇರಿದರೆ ಅದು ಅನ್ನಪಾನ ನಿರೋಧ.

ಜೀವಂಧರ ಕುಮಾರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳಿದ, ಅದು ಯಕ್ಷನಾಗಿ ಹುಟ್ಟಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿ ಕೂತು ಮೆಲುದನಿಯಲ್ಲಿ ಮಂತ್ರ ಹೇಳುವುದು ಮನೆಯ ಮಕ್ಕಳೂ ಮಾಡಬಹುದಾದ ಸೇವೆ. ಬಳಿಕ ಕಸದ ಗಾಡಿಗೆ ಹಾಕದೆ, ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ ಹೂಳಬೇಕು.

ಗುಣವಾದ ಮೇಲೆ ಎಲ್ಲಿಗೆ?

ಎತ್ತಿಕೊಂಡ ದಿನವೇ ಯೋಚಿಸಬೇಕಾದ ಪ್ರಶ್ನೆ ಇದು. ದೆಹಲಿಯಲ್ಲಿ ಕೆಂಪುಕೋಟೆಯೆದುರು ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಧರ್ಮಾಸ್ಪತ್ರೆಯಿದೆ. ಅಲ್ಲಿ ಗುಣವಾದ ಪಾರಿವಾಳಗಳನ್ನು ಮಾಳಿಗೆಯಿಂದ ಆಕಾಶಕ್ಕೆ ಹಾರಲು ಬಿಡುತ್ತಾರೆ. ಹುಂಜವನ್ನು ಹಾಗೆ ಬಿಡಲಾಗದು. ಲಾಲ್‌ಬಾಗಿನಲ್ಲೋ ಕೆರೆಯ ದಂಡೆಯಲ್ಲೋ ಬಿಟ್ಟುಬಂದರೆ ಅಂದು ರಾತ್ರಿಯೇ ನಾಯಿ ಪಾಲು.

ನಾಟಿ ಹುಂಜಕ್ಕೆ ಸಾಮಾನ್ಯವಾಗಿ ಒಡೆಯರಿರುತ್ತಾರೆ. ಸುತ್ತ ವಿಚಾರಿಸಬೇಕು. ಸಿಕ್ಕರೆ ಅವರು ವಾಪಸ್ ಕೇಳುವುದು ಸಹಜ, ಕೊಟ್ಟರೆ ಹಬ್ಬಕ್ಕೆ ಕೊಯ್ಯುವುದೂ ಸಹಜ. ಜಗಳವಾಡದೆ, ಕೈಮುಗಿದು, ನ್ಯಾಯವಾದ ಬೆಲೆ ಕೊಟ್ಟು ಬಿಡಿಸಿಕೊಳ್ಳುವುದು ಒಳ್ಳೆಯ ದಾರಿ. ಆದರೆ ಇದೇ ಹುರುಪಿನಲ್ಲಿ ಕೋಳಿ ಅಂಗಡಿಗೆ ಹೋಗಿ ಹತ್ತು ಹಕ್ಕಿ ಕೊಂಡು ಬಿಡಿಸುವುದರಲ್ಲಿ ಅಭಯ ಕಡಿಮೆ, ವ್ಯಾಪಾರ ಹೆಚ್ಚು. ಹತ್ತು ಹೋದರೆ ಅಂಗಡಿಯವರು ಮರುದಿನ ಹತ್ತು ಹೆಚ್ಚು ತರಿಸುತ್ತಾರೆ. ಕಾಲಿನಲ್ಲಿ ಕತ್ತಿ ಕಟ್ಟಿದ ಗುರುತಿದ್ದು, ಕಾಳಗದಲ್ಲಿ ಗಾಯಗೊಂಡ ಹುಂಜವೆಂದು ಕಂಡರೆ ಪೊಲೀಸರಿಗೆ ತಿಳಿಸಬೇಕು. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ನಾಟಿ ಹುಂಜ ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷ, ಇನ್ನೂ ಹೆಚ್ಚೂ ಬದುಕುತ್ತದೆ. ಫಾರಂ ಕೋಳಿಯನ್ನು ಆರು ವಾರದೊಳಗೆ ತೂಕ ಬರುವಂತೆ ಬೆಳೆಸಿರುವುದರಿಂದ ಅದರ ಕಾಲು, ಹೃದಯ ದುರ್ಬಲ. ಅದಕ್ಕೆ ಬೇಕೆಂದಷ್ಟು ಹಾಕದೆ ಅಳತೆಯಲ್ಲಿ ಆಹಾರ ಕೊಡಬೇಕು. ಅಪಾರ್ಟ್‌ಮೆಂಟಿನಲ್ಲಿ ಇದ್ದರೆ ನಸುಕಿನ ಕೂಗಿಗೆ ನೆರೆಯವರ ದೂರು ಬಂದೇ ಬರುತ್ತದೆ. ರಾತ್ರಿ ಪೆಟ್ಟಿಗೆಗೆ ದಪ್ಪ ಬಟ್ಟೆ ಹೊದಿಸಿ, ಬೆಳಕು ತಡವಾಗಿ ಕಾಣುವಂತೆ ಮಾಡಿದರೆ ಕೂಗು ತುಸು ತಡವಾದೀತು, ನಿಲ್ಲುವುದಿಲ್ಲ. ಹಾಗಾಗಿ ಊರ ಹೊರಗಿನ ತೋಟವಿರುವ ಬಂಧುಗಳನ್ನೋ, ಕೋಳಿಯನ್ನೂ ಸೇರಿಸಿಕೊಳ್ಳಲು ಒಪ್ಪುವ ಗೋಶಾಲೆಯನ್ನೋ ಮೊದಲೇ ಕೇಳಿಟ್ಟಿರಬೇಕು. ಒಪ್ಪಿಸಿದ ಮೇಲೂ ತಿಂಗಳಿಗೊಮ್ಮೆ ಹೋಗಿ ನೋಡಿ, ಕಾಳಿನ ಖರ್ಚಿಗೆ ಕೈಲಾದಷ್ಟು ಕೊಡುವುದು ಎತ್ತಿಕೊಂಡವರ ಕರ್ತವ್ಯ.

ಯಶೋಧರನಿಗೆ ಎದುರಾದದ್ದು ಹಿಟ್ಟಿನ ಹುಂಜ, ಅಲ್ಲಿ ಕೆಲಸ ಮಾಡಿದ್ದು ಒಂದು ಕ್ಷಣದ ಸಂಕಲ್ಪ. ಜೀವವಿರುವ ಹುಂಜವನ್ನು ಉಳಿಸಲು ಒಂದು ಕ್ಷಣದ ಒಳ್ಳೆಯ ಸಂಕಲ್ಪ ಸಾಲದು. ದಿನಕ್ಕೆರಡು ಸಲ ಗಾಯ ನೋಡಬೇಕು, ಮೂರು ಸಲ ಬಟ್ಟೆ ಬದಲಿಸಬೇಕು, ವಾರಗಟ್ಟಲೆ ತೂಕ ಬರೆದಿಡಬೇಕು. ಇಷ್ಟು ನಡೆದ ಮನೆಯಲ್ಲಿ ಒಂದು ಬೆಳಿಗ್ಗೆ ಪೆಟ್ಟಿಗೆಯೊಳಗಿಂದ ಒಡೆದ ದನಿಯಲ್ಲಿ ಮೊದಲ ಕೂಗು ಕೇಳಿಬರುತ್ತದೆ. ನಿದ್ದೆ ಕೆಟ್ಟರೂ ಆ ದಿನ ಯಾರೂ ಬೇಸರಪಡುವುದಿಲ್ಲ.